ಬೆಳ್ಳಿಯ ಆಪರೇಷನ್ನೂ ಮುಂಗಡ ಬಂದ ತೆಂಗಿನಕಾಯಿಗಳೂ

ಯಾವುದೇ ವಿಷಯವಿರಲಿ, ಹತ್ತು ಜನರನ್ನು ಕೇಳದೆ ತೀರ್ಮಾನ ಮಾಡುವ ಧೈರ್ಯ ನನಗಿಲ್ಲ. ಒಮ್ಮೆ ಮನೆಯ ಗೇಟಿಗೆ ಯಾವ ಬಣ್ಣ ಹೊಡೆಸಬೇಕೆಂದು ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಕೇಳಿದೆ. ಗುಬ್ಬಿಯಲ್ಲಿ ನಾನು ಪಾಠ ಮಾಡುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೇಳಿದೆ. ದಿನಾ ಹೋಗಿ ಬರುವ ಬಸ್ಸಿನ ಕಂಡಕ್ಟರನ್ನೂ ಬಿಡಲಿಲ್ಲ. ಅಷ್ಟರಲ್ಲಿ ಗೇಟು ತುಕ್ಕು ಹಿಡಿದು ತಾನೇ ಒಂದು ಬಣ್ಣಕ್ಕೆ ಬಂದಿತ್ತು. ಸಮಾಜ ವಿಜ್ಞಾನದ ಮೇಷ್ಟ್ರಾದ ನಾನು ಇದನ್ನು ಪ್ರಜಾಪ್ರಭುತ್ವ ಎನ್ನುತ್ತೇನೆ. ನನ್ನ ಹೆಂಡತಿ ಸರೋಜ ಪುಕ್ಕಲುತನ ಎನ್ನುತ್ತಾಳೆ. ಯಾವ ಚರ್ಚೆಯೂ ಇಲ್ಲದೆ, ಒಂದು ಲೋಟ ಕಾಫಿ ಆರುವುದರೊಳಗೆ ನಾನು ತೆಗೆದುಕೊಂಡ ದೊಡ್ಡ ತೀರ್ಮಾನ ಜೀವಮಾನದಲ್ಲಿ ಒಂದೇ ಒಂದು ಇದೆ. ಅದು ನನಗೇ ಮರೆತುಹೋಗಿತ್ತು. ನೆನಪಾಗುವುದಕ್ಕೆ ಒಂದು ನಾಯಿ ಬೇಕಾಯಿತು.

ನಾಯಿಯ ಹೆಸರು ಬೆಳ್ಳಿ. ಕುಣಿಗಲ್‌ನಲ್ಲಿರುವ ನನ್ನ ಬಾಮೈದ ಶಿವಣ್ಣ, ಅಂದರೆ ಸರೋಜಳ ತಮ್ಮ, ಪಾಮೇರಿಯನ್ ಸಾಕಿದ್ದ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಡೆ ಸಂಬಳದವರ ಮನೆ ಎಂದರೆ ಕಲರ್ ಟೀವಿ, ಸ್ಕೂಟರ್, ಬಿಳಿ ಪಾಮೇರಿಯನ್ ಮೂರೂ ಇರಬೇಕೆನ್ನುವ ಕಾಲ. ಅವನ ನಾಯಿ ಹಾಕಿದ ನಾಲ್ಕು ಮರಿಗಳಲ್ಲಿ ಮೂರು ಗಂಡು ಮರಿಗಳು ಕಣ್ಣು ಬಿಡುವ ಮೊದಲೇ ಯಾರು ಯಾರಿಗೋ ಕೊಡುವುದೆಂದು ಗೊತ್ತಾಗಿಬಿಟ್ಟಿದ್ದವು. ಉಳಿದದ್ದು ಈ ಹೆಣ್ಣು. ನಾವು ತೆಗೆದುಕೊಂಡು ಹೋಗದಿದ್ದರೆ ದೊಡ್ಡಕೆರೆ ಏರಿಯ ಮೇಲೆ ಬಿಟ್ಟು ಬರುತ್ತೇನೆ ಎಂದ ಶಿವಣ್ಣ. ಅದನ್ನು ನನ್ನ ದೊಡ್ಡ ಮಗಳು ಕೇಳಿಸಿಕೊಂಡಳು, ಅಲ್ಲಿಗೆ ವಿಷಯ ನನ್ನ ಕೈ ಮೀರಿತು. ನನ್ನ ಹುಟ್ಟೂರು ಹೆಬ್ಬೂರಿನ ನಮ್ಮ ಮನೆಯಲ್ಲಿ ನಾಯಿಮರಿಯನ್ನು ಬರಿಗೈಯಲ್ಲಿ ತರುವ ಪದ್ಧತಿಯಿಲ್ಲ. ಕೊಟ್ಟವರಿಗೆ ಒಂದು ತೆಂಗಿನಕಾಯಿ ಕೊಟ್ಟು, ತಾಯಿ ನಾಯಿಗೆ ಒಂದು ಮುದ್ದೆ ಹಾಕಿ ತರಬೇಕು. ಕಾಯಿ ಕೊಟ್ಟದ್ದು ನಾನು. ಮುದ್ದೆ ಹಾಕಿದ್ದು ಸರೋಜ. ಮರಿಯನ್ನು ಮಡಿಲಲ್ಲಿಟ್ಟುಕೊಂಡು ತುಮಕೂರಿನವರೆಗೂ ಬಸ್ಸಿನಲ್ಲಿ ಕೂತು ಬಂದವಳೂ ಅವಳೇ. ನಾನು ಪಕ್ಕದಲ್ಲಿ ಕೂತು, ಹುಷಾರು ಹುಷಾರು ಅನ್ನುತ್ತಿದ್ದೆ.

ಬೆಳ್ಳಿ ಮೊದಲ ಸಲ ಬೆದೆಗೆ ಬಂದಾಗ ಶೆಟ್ಟಿಹಳ್ಳಿಯ ಗಂಡು ನಾಯಿಗಳೆಲ್ಲ ನಮ್ಮ ಗೇಟಿನ ಮುಂದೆ ಬಂದು ಕೂತವು. ನನ್ನ ಹತ್ತನೇ ಕ್ಲಾಸಿನ ಹುಡುಗರು ಅಷ್ಟು ಶಿಸ್ತಾಗಿ ಕೂತದ್ದನ್ನು ನಾನು ಕಂಡಿಲ್ಲ. ಸರೋಜ ಹದಿನೈದು ದಿನ ಕೋಲು ಹಿಡಿದು ಕಾದಳು. ಆಮೇಲೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರು ನೇರವಾಗಿ ಕೇಳಿದರು, ಮರಿ ಬೇಕೋ ಬೇಡವೋ ಎಂದು. ಬೇಕಾದರೆ ಮುಂದಿನ ಸಲಕ್ಕೆ ಒಳ್ಳೆಯ ಗಂಡು ನೋಡಿ, ಬೇಡವಾದರೆ ಅಷ್ಟರೊಳಗೆ ಆಪರೇಷನ್ ಮಾಡಿಸಿಬಿಡಿ, ಸುಮ್ಮನೆ ಹಾಗೇ ಬಿಟ್ಟರೆ ಮುಂದೆ ಗರ್ಭಕೋಶದ ಕಾಯಿಲೆ ಬಂದು ಜೀವಕ್ಕೇ ಕುತ್ತು ಎಂದರು. ಕೇಳಿ ಹೇಳುತ್ತೇನೆ ಎಂದೆ. ಯಾರನ್ನ ಕೇಳ್ತೀರಿ, ನಾಯಿ ನಿಮ್ದೇ ಅಲ್ವಾ ಎಂದು ಅವರು ಕನ್ನಡಕದ ಮೇಲಿಂದ ನೋಡಿದರು.

ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಕೇಳಿದೆ. ನಮ್ಮ ಡ್ರಿಲ್ ಮಾಸ್ಟರ್ ರುದ್ರಪ್ಪನವರು ಒಂದು ಸಲವಾದರೂ ಮರಿ ಹಾಕದಿದ್ದರೆ ನಾಯಿಗೆ ಹುಚ್ಚು ಹಿಡಿಯುತ್ತದೆ ಎಂದು, ಸೀಟಿ ಊದುವಷ್ಟೇ ಖಚಿತವಾಗಿ ಹೇಳಿದರು. ತಮಗೊಂದು ಮರಿ ಬೇಕು ಎಂದೂ ಸೇರಿಸಿದರು. ನಾನು ಸುಮ್ಮನಿರಬಹುದಿತ್ತು. ಆದರೆ ನಮ್ಮ ಮನೆಯ ತೆಂಗಿನಕಾಯಿಯ ಪದ್ಧತಿಯನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಚಪಲ. ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಜುಟ್ಟು ಬಿಟ್ಟ ಕಾಯಿಯೊಂದು ಕೂತಿತ್ತು. ಗುಬ್ಬಿ ಸೀಮೆಯಲ್ಲಿ ಕಾಯಿಗೆ ಬರವೇ? ವಾರದೊಳಗೆ ಕ್ಲರ್ಕು, ಹೆಡ್‌ಮಾಸ್ಟರು, ಹೋಟೆಲಿನವರು, ಆ ಕಂಡಕ್ಟರು, ಎಲ್ಲರೂ ಒಂದೊಂದು ಕೊಟ್ಟರು. ಬೇಡ ಎನ್ನಲು ಬಾಯಿ ಬರಲಿಲ್ಲ. ಇನ್ನೂ ಬಸಿರೇ ಆಗದ ನಾಯಿಯ ಮರಿಗಳಿಗೆ ಮುಂಗಡ ಬಂದ ಕಾಯಿಗಳನ್ನು ಚೀಲದಲ್ಲಿ ಹೊತ್ತು ತಂದೆ. ಸರೋಜ ಚಟ್ನಿ ಅರೆದಳು, ಒಬ್ಬಟ್ಟು ಮಾಡಿದಳು, ಕೊಬ್ಬರಿ ಮಿಠಾಯಿ ಮಾಡಿದಳು. ನಾವೆಲ್ಲ ತಿಂದೆವು. ಬೆಳ್ಳಿಯೂ ತಿಂದಳು.

ಕಾಯಿ ತಿಂದ ಮೇಲೆ ಮಾತಿಗೆ ಕಟ್ಟುಬಿದ್ದ ಹಾಗಾಯಿತು. ಶಿವಣ್ಣ ಕುಣಿಗಲ್‌ನಲ್ಲಿ ಒಂದು ಗಂಡು ಪಾಮೇರಿಯನ್ ನೋಡಿದ್ದೇನೆ ಎಂದು ಹೇಳಿಕಳಿಸಿದ. ನಾನು ಊಟಕ್ಕೆ ಕೂತಾಗ ತಾಯ್ತನದ ಬಗ್ಗೆ ಭಾಷಣ ಶುರುಮಾಡಿದೆ. ಅದು ಹೆಣ್ಣು ಜೀವಕ್ಕೆ ಪ್ರಕೃತಿ ಕೊಟ್ಟ ವರ, ಅದನ್ನು ಕಿತ್ತುಕೊಳ್ಳಲು ನಾವು ಯಾರು, ಮೂಕಪ್ರಾಣಿಯ ಮೈಗೆ ಕತ್ತರಿ ಹಾಕುವ ಮೊದಲು ನೂರು ಸಲ ಯೋಚಿಸಬೇಕು ಎಂದೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಕಣ್ಣು ಒದ್ದೆಯಾಯಿತು. ಸರೋಜ ಸಾರು ಬಡಿಸಿ, "ಹೆಣ್ಣು ಮರಿ ಹುಟ್ಟುದ್ರೆ ಯಾರ್ ತಗೊಳ್ತಾರಂತೆ? ಕಾಯಿ ಕೊಟ್ಟೋರ್ನೇ ಒಂದ್ಸಲ ಕೇಳ್ಕೊಂಡು ಬನ್ನಿ," ಎಂದಳು.

ಕೇಳುವುದು ನನಗೆ ಇಷ್ಟದ ಕೆಲಸವಾದ್ದರಿಂದ ಹೊರಟೆ. ಕ್ಲರ್ಕಿಗೆ ಗಂಡೇ ಬೇಕಿತ್ತು. ಹೆಡ್‌ಮಾಸ್ಟರಿಗೆ ಹೆಣ್ಣಾದರೆ ಮನೆಯಲ್ಲಿ ಒಪ್ಪುವುದಿಲ್ಲ. ಕಂಡಕ್ಟರು ಟಿಕೆಟ್ ಹರಿಯುತ್ತಲೇ, ಹೆಣ್ಣು ನಾಯಿ ಯಾರಿಗೆ ಬೇಕು ಸಾರ್, ವರ್ಷಕ್ಕೆರಡು ಸಲ ತಲೆನೋವು ಎಂದ. ಕೊನೆಗೆ ರುದ್ರಪ್ಪನವರನ್ನು ಮೈದಾನದಲ್ಲಿ ಹಿಡಿದೆ. ಅವರಿಗೆ ಮೂವರು ಹೆಣ್ಣುಮಕ್ಕಳು. ಮೂವರನ್ನೂ ಅಂಗೈಯಲ್ಲಿಟ್ಟು ಸಾಕಿದವರು. ಇವರಾದರೂ ಹೂಂ ಅಂದಾರು ಎಂಬ ಆಸೆ ನನಗೆ.

"ಹೆಣ್ಣಾದ್ರೆ ನನ್ ಕಾಯಿ ವಾಪಸ್ ಕೊಟ್ಬುಡಿ ಮೇಷ್ಟ್ರೇ," ಎಂದರು ಅವರು.

ಅವರು ಕೆಟ್ಟವರಲ್ಲ. ಯಾರೂ ಕೆಟ್ಟವರಲ್ಲ. ಆದರೆ ಅವತ್ತು ಬಸ್ಸಿನಲ್ಲಿ ಬರುವಾಗ ದೊಡ್ಡಕೆರೆ ಏರಿ ಕಣ್ಣ ಮುಂದೆ ಬಂತು. ಬೆಳ್ಳಿಗೆ ನಾಲ್ಕು ಮರಿ ಹುಟ್ಟಿ ಮೂರು ಹೆಣ್ಣಾದರೆ, ಚೀಲ ಹಿಡಿದು ಯಾವುದೋ ಕೆರೆಯ ಕಡೆ ಹೋಗಬೇಕಾದವನು ನಾನೇ. ತಾಯ್ತನದ ಭಾಷಣ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಬೆಳ್ಳಿ ಎಂದಿನಂತೆ ಒಂದು ಚಪ್ಪಲಿ ಕಚ್ಚಿಕೊಂಡು ಓಡಿದಳು. ಯಾರಿಗೂ ಬೇಡವಾಗಿ ನಮ್ಮ ಮನೆಗೆ ಬಂದವಳು ಇವಳು ಎನ್ನುವುದು ನನಗೆ ಮರೆತೇಹೋಗಿತ್ತಲ್ಲ ಎಂದು ನಾಚಿಕೆಯಾಯಿತು. ಆಪರೇಷನ್ ಮಾಡಿಸೋಣ ಎಂದೆ. ಸರೋಜ ಡಾಕ್ಟರ ಹತ್ತಿರ ಹಿಂದಿನ ಸೋಮವಾರವೇ ಹೋಗಿ ದಿನ ಗೊತ್ತುಮಾಡಿಕೊಂಡು ಬಂದಿದ್ದಳು.

ಕಾಯಿಗಳನ್ನು ವಾಪಸು ಕೊಡಬೇಕಲ್ಲ, ಕೊಂಡು ತಂದು ಒಬ್ಬೊಬ್ಬರಿಗೂ ಮುಟ್ಟಿಸಿದೆ. ರುದ್ರಪ್ಪನವರು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ತಾವು ಕೊಟ್ಟದ್ದು ಇದಕ್ಕಿಂತ ದೊಡ್ಡದಿತ್ತು ಎಂದರು.

ಆಪರೇಷನ್ ದಿನ ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ನಾನು ಪಟ್ಟ ಪಾಡು ನನಗೇ ಗೊತ್ತು. ಕೂರಲಾರೆ, ನಿಲ್ಲಲಾರೆ. ಒಳಗೆ ಬೆಳ್ಳಿಯ ಜೊತೆ ಇದ್ದವಳು ಸರೋಜ. ಮಂಪರಿನಲ್ಲಿದ್ದ ಬೆಳ್ಳಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಹೊರಗೆ ತಂದಾಗ, ನಾಲಿಗೆ ಪಕ್ಕಕ್ಕೆ ಜಾರಿದ ಆ ಮುಖ ನೋಡಿ ನಾನು ಅತ್ತುಬಿಟ್ಟೆ. ಡಾಕ್ಟರು ಹತ್ತು ದಿನದ ನಿಯಮ ಹೇಳಿದರು: ಓಡಿಸಬಾರದು, ಮೆಟ್ಟಿಲು ಹತ್ತಿಸಬಾರದು, ನೆಗೆಯಲು ಬಿಡಬಾರದು. ನಾನು ಮನೆಗೆ ಬಂದವನೇ ಹೆಡ್‌ಮಾಸ್ಟರಿಗೆ ಮೂರು ದಿನದ ರಜಾ ಚೀಟಿ ಬರೆದೆ. ಅಡುಗೆಮನೆಯ ಬಾಗಿಲಲ್ಲಿ ಬೆಳ್ಳಿಗೆ ಹಾಸಿಗೆ ಮಾಡಿ, ಮಕ್ಕಳಿಗೂ ಸರೋಜಳಿಗೂ ನಿಯಮಗಳನ್ನು ಪಾಠ ಒಪ್ಪಿಸುವ ಹಾಗೆ ಎರಡೆರಡು ಸಲ ಹೇಳಿದೆ. ಹೊಟ್ಟೆ ಕೊಯ್ದ ಜೀವ, ಹತ್ತು ದಿನ ಪೂರ್ತಿ ರೆಸ್ಟ್ ಬೇಕು ಎಂದೆ.

ಸರೋಜ ಬೆಳ್ಳಿಯ ಪಕ್ಕ ಕೂತು ಹತ್ತಿಯಲ್ಲಿ ಅದರ ಬಾಯಿಗೆ ನೀರು ಹನಿಸುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಅದರ ಕಿವಿ ಸವರುತ್ತಾ ಅದಕ್ಕೇ ಹೇಳಿದಳು.

"ಸುಮ್ನೆ ಮಲ್ಕೊಳ್ಳೇ ತಾಯಿ. ನಿಂಗ್ ಹತ್ತು ದಿನ ಕೊಟ್ಟವ್ರೆ. ನಾನು ಆರ್ನೇ ದಿನಕ್ಕೇ ಕೊಡ ಎತ್ತಿದ್ದೆ."

ಆಗ ನೆನಪಾಯಿತು. ಹತ್ತು ವರ್ಷದ ಹಿಂದಿನ ಮಾತು. ಎರಡನೇ ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಇನ್ನು ಮಕ್ಕಳು ಸಾಕು ಎಂದು ಆಸ್ಪತ್ರೆಗೆ ಕೇಳಲು ಹೋದಾಗ ಲೇಡಿ ಡಾಕ್ಟರು ನನ್ನ ಕಡೆ ತಿರುಗಿ, ಗಂಡಸರಿಗಾದರೆ ಹತ್ತು ನಿಮಿಷದ ಕೆಲಸ, ಅವತ್ತೇ ಮನೆಗೆ ಹೋಗಬಹುದು ಎಂದಿದ್ದರು. ನಾನು ಸೈಕಲ್ ತುಳಿಯಬೇಕಲ್ಲ ಎಂದಿದ್ದೆ. ಅಷ್ಟೇ. ಸ್ಟಾಫ್ ರೂಮಿನಲ್ಲಿ ಕೇಳಲಿಲ್ಲ, ಕಂಡಕ್ಟರನ್ನು ಕೇಳಲಿಲ್ಲ, ಪಕ್ಕದಲ್ಲೇ ಕೂತಿದ್ದವಳನ್ನೂ ಕೇಳಲಿಲ್ಲ. ಎದುರಿನ ಹೋಟೆಲಿನಲ್ಲಿ ಕಾಫಿ ಆರುವುದರೊಳಗೆ ಸರೋಜಳ ಆಪರೇಷನ್ನಿಗೆ ದಿನ ಗೊತ್ತುಮಾಡಿದ್ದೆ. ಆಪರೇಷನ್ ಆದ ಮಾರನೇ ದಿನ ನಾನು ಪರೀಕ್ಷೆಯ ಪೇಪರ್ ತಿದ್ದುವುದಕ್ಕೆ ಹೋಗಿದ್ದೆ. ಬೇವಿನ ಮರದ ಕೆಳಗೆ ನಿಂತ ನೆನಪೂ ಇಲ್ಲ, ಅತ್ತ ನೆನಪೂ ಇಲ್ಲ.

ಕ್ಷಮೆ ಕೇಳುವ ಬಗ್ಗೆ ಯಾರನ್ನಾದರೂ ಕೇಳೋಣವೆಂದರೆ ಅದು ಕೇಳುವ ವಿಷಯವಲ್ಲ. ಮಾತಿನಲ್ಲಿ ಬೇಡ, ಕೆಲಸದಲ್ಲಿ ತೋರಿಸೋಣ ಎಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ಬೀದಿ ನಲ್ಲಿಯಲ್ಲಿ ನೀರು ಬಂತು. ಸರೋಜ ಏಳುವ ಮೊದಲೇ ನಾನು ಎದ್ದು, ಪಂಚೆ ಎತ್ತಿ ಕಟ್ಟಿ, ಕೊಡ ಹಿಡಿದು ಹೊರಟೆ. ನಲ್ಲಿಯ ಹತ್ತಿರದ ಹೆಂಗಸರು ಸರಿದು ಜಾಗ ಕೊಟ್ಟು, ಸರೋಜಮ್ಮನಿಗೆ ಹುಷಾರಿಲ್ವಾ ಎಂದು ಕೇಳಿದರು. ಮೊದಲ ಕೊಡ ತೊಟ್ಟಿಗೆ ಸುರಿದೆ. ಎರಡನೆಯದೂ ಸುರಿದೆ. ಮೂರನೆಯದನ್ನು ಎತ್ತುವಾಗ ಸೊಂಟ ಹಿಡಿದುಕೊಂಡು, ಬಗ್ಗಿದವನು ಬಗ್ಗಿದ ಹಾಗೇ ನಿಂತೆ.

ಅಡುಗೆಮನೆಯ ಬಾಗಿಲಲ್ಲಿ ಬೆಳ್ಳಿಯ ಪಕ್ಕಕ್ಕೆ ಸರೋಜ ನನಗೂ ಒಂದು ಚಾಪೆ ಹಾಸಿದಳು. ಸೊಂಟಕ್ಕೆ ಬಿಸಿ ಕೊಬ್ಬರಿ ಎಣ್ಣೆ ತಿಕ್ಕಿದಳು. ಹಾಕಿದ್ದ ಮೂರು ದಿನದ ರಜ ಸಾಲದೆ ಇನ್ನೂ ನಾಲ್ಕು ದಿನ ಸೇರಿಸಿ ಬರೆದೆ. ಓಡಬಾರದು, ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು ಎಂದು ಈ ಸಲ ಹೇಳಿದ್ದು ಮನುಷ್ಯರ ಡಾಕ್ಟರು, ನನಗೆ. ನಾನೂ ಬೆಳ್ಳಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಲಗಿದ್ದಾಗ, ನಮ್ಮಿಬ್ಬರನ್ನೂ ದಾಟಿಕೊಂಡು ಸರೋಜ ಕೊಡ ಎತ್ತಿಕೊಂಡು ನಲ್ಲಿಗೆ ಹೋದಳು.