ನಿಂತ ಕಾರಿನ ಸುಖ

ಪ್ರಭಾಕರನ ನೀಲಿ ಕಾರು ಎರಡೂವರೆ ವರ್ಷದಿಂದ ಮನೆಯ ಮುಂದೆ ನಿಂತೇ ಇತ್ತು. ಅದರಿಂದ ಅವನಿಗೆ ಕೂದಲೆಳೆಯಷ್ಟೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ, ಅದನ್ನು ಸರಿಮಾಡಿಕೊಡುತ್ತೇವೆಂದು ಒಳ್ಳೆಯ ಜನ ಬಂದಾಗ.

ಕೊರೋನಾ ಕಾಲದಲ್ಲಿ, ಅವನು ಕೆಲಸ ಮಾಡುತ್ತಿದ್ದ ಅಮೆರಿಕದ ರಾಕ್‌ವಿಲ್‌ನ ಆಫೀಸು ಬಾಗಿಲು ಹಾಕಿ, ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಎಂದಿತ್ತು. ಆಮೇಲೆ ಬಾಗಿಲು ತೆರೆದರೂ ಇವನನ್ನು ಯಾರೂ ಕರೆಯಲಿಲ್ಲ. ಇವನೂ ಜಾಣ, ನೆನಪಿಸಲು ಹೋಗಲಿಲ್ಲ. ಮನೆಯ ಓಡಾಟಕ್ಕೆ ಹೆಂಡತಿ ಜ್ಯೋತ್ಸ್ನಾಳ ವ್ಯಾನ್ ಸಾಕಾಗುತ್ತಿತ್ತು. ಹಾಗಾಗಿ ಕ್ಲಾರ್ಕ್ಸ್‌ಬರ್ಗ್‌ನ ಆ ಟೌನ್‌ಹೌಸಿನ ಡ್ರೈವ್‌ವೇಯಲ್ಲಿ ನೀಲಿ ಕಾರು ಬಿಸಿಲು, ಹಿಮ, ಎಲೆ ಎಲ್ಲವನ್ನೂ ಹೊತ್ತುಕೊಂಡು ಸುಮ್ಮನೆ ನಿಂತಿತ್ತು.

ಸುಮ್ಮನೆ ಎಂದರೆ ಪೂರ್ತಿ ಸುಮ್ಮನೆ ಅಲ್ಲ. ಸಂಜೆ ಐದಾಯಿತೆಂದರೆ ಪ್ರಭಾಕರ "ಕಾರು ಸ್ಟಾರ್ಟ್ ಆಗುತ್ತಾ ನೋಡ್ಕೊಂಡು ಬರ್ತೀನಿ" ಎಂದು ಹೊರಗೆ ಬರುತ್ತಿದ್ದ. ಕಾರಿನೊಳಗೆ ಕೂತು, ಸೀಟು ಹಿಂದಕ್ಕೆ ಒರಗಿಸಿ, ಫ್ಲಾಸ್ಕಿನ ಕಾಫಿ ಕುಡಿಯುತ್ತ ಆರು ಗಂಟೆಯವರೆಗೆ ಏನೂ ಮಾಡುತ್ತಿರಲಿಲ್ಲ. ಮೂರು ಮಹಡಿಯ ಮನೆಯಲ್ಲಿ ಕೆಳಗೆ ಜ್ಯೋತ್ಸ್ನಾಳ ಮೀಟಿಂಗು, ಮೇಲೆ ಮಗಳು ಅಮೂಲ್ಯಾಳ ವಯೊಲಿನ್ನು, ನಡುವೆ ದಾವಣಗೆರೆಯಿಂದ ಆರು ತಿಂಗಳಿಗೆಂದು ಬಂದ ಅತ್ತೆ ನೀಲಗಂಗಾ. ಯಾರ ಮೇಲೂ ಅವನಿಗೆ ಸಿಟ್ಟಿರಲಿಲ್ಲ. ದಿನಕ್ಕೆ ಒಂದು ಗಂಟೆ ಯಾರೂ "ರೀ", "ಡ್ಯಾಡಿ", "ಅಳಿಯಂದ್ರೇ" ಎನ್ನದ ಜಾಗ ಬೇಕಿತ್ತು, ಅಷ್ಟೇ. ಆ ಒಂದು ಗಂಟೆ ತಪ್ಪಿದರೆ ಉಳಿದ ಇಪ್ಪತ್ತಮೂರು ಗಂಟೆ ನಗುತ್ತಾ ಇರುವುದು ತನ್ನಿಂದಾಗದು ಎಂದು ಅವನಿಗೆ ಖಾತ್ರಿಯಿತ್ತು.

ಆ ಶನಿವಾರ ಬೆಲ್ ಆಯಿತು. ಬಾಗಿಲಲ್ಲಿ ವೇಣುಗೋಪಾಲ ಅಂಕಲ್, ಅವರ ಹಿಂದೆ ಪಕ್ಕದ ಮನೆಯ ರಮೇಶ. ಅಂಕಲ್ ಅರಿವಳಿಕೆ ಡಾಕ್ಟರು. ನಲವತ್ತು ವರ್ಷ ಅಮೆರಿಕದ ಜನರನ್ನು ಮಲಗಿಸಿ, ರಿಟೈರಾದ ಮೇಲೆ ಇಲ್ಲಿಯ ಕನ್ನಡಿಗರನ್ನು ಮಲಗಲು ಬಿಡದವರು. ರಮೇಶನ ಎರಡೂ ಕೈಯಲ್ಲಿ ಗ್ಯಾಸ್, ಅಂದರೆ ಇಲ್ಲಿಯವರ ಬಾಯಲ್ಲಿ ಪೆಟ್ರೋಲು, ತುಂಬುವ ಕೆಂಪು ಕ್ಯಾನುಗಳು, ಹೆಗಲ ಮೇಲೆ ರಬ್ಬರ್ ಪೈಪು.

"ಇಷ್ಟು ದಿನ ಯಾಕಯ್ಯಾ ಹೇಳ್ಲಿಲ್ಲ?" ಅಂಕಲ್ ದನಿ ನಡುಗುತ್ತಿತ್ತು. "ದಿನಾ ಒಂದು ಗಂಟೆ ಕಾರಲ್ಲಿ ಕೂತು ಸ್ಟಾರ್ಟ್ ಮಾಡೋಕೆ ಒದ್ದಾಡ್ತೀಯಂತೆ! ನಾವೆಲ್ಲ ಏನು ಸತ್ತು ಹೋಗಿದ್ವಾ?"

"ಅಯ್ಯೋ, ಅಂಥದ್ದೇನಿಲ್ಲ ಅಂಕಲ್. ಯಾರು ಹೇಳಿದ್ರು ನಿಮಗೆ?"

"ಯಾರಾದ್ರೇನು! ನಡಿ, ಪೇಶಂಟನ್ನ ತೋರ್ಸು."

ಅಂಕಲ್ ಗ್ಯಾಸ್ ಟ್ಯಾಂಕಿನ ಮುಚ್ಚಳ ಬಿಚ್ಚಿ ಮೂಗನ್ನು ಹತ್ತಿರ ಒಯ್ದರು. ಕಣ್ಣು ಮುಚ್ಚಿದರು. ವಾರ್ನಿಶ್ ಡಬ್ಬಿ ತೆರೆದಂತೆ ಘಾಟು ಹೊಡೆಯಿತು.

"ಹಳಸಿದೆ" ಎಂದರು. "ಎರಡೂವರೆ ವರ್ಷದ ಹಳಸಲು ಹೊಟ್ಟೇಲಿಟ್ಕೊಂಡು ಯಾರಯ್ಯಾ ಎದ್ದು ಓಡ್ತಾರೆ? ಸ್ಟಮಕ್ ವಾಶ್ ಮಾಡ್ಬೇಕು."

ಪ್ರಭಾಕರನಿಗೆ ಬೇಡವಾಗಿದ್ದುದೇ ಇದು. ಓಡುವ ಕಾರಿನಲ್ಲಿ ಒಂದು ಗಂಟೆ ಸುಮ್ಮನೆ ಕೂತಿರಲು ಯಾವ ಮನೆಯವರು ಬಿಡುತ್ತಾರೆ? ಕಾರು ಓಡಿತೆಂದರೆ ಇಂಡಿಯನ್ ಸ್ಟೋರು, ವಯೊಲಿನ್ ಕ್ಲಾಸು, ಏರ್‌ಪೋರ್ಟು ಎಲ್ಲ ಸಾಲಾಗಿ ಬಂದು ಹಿಂದಿನ ಸೀಟಿನಲ್ಲಿ ಕೂರುತ್ತವೆ. ಇದನ್ನು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ, ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ.

"ಹಳೇ ಗ್ಯಾಸ್ ತೆಗೆದು ಎಲ್ಲಿ ಹಾಕ್ತೀರಿ ಅಂಕಲ್? ಚರಂಡಿಗೆ ಸುರಿಯೋ ಹಾಗಿಲ್ಲ, ಕಸಕ್ಕೆ ಹಾಕೋ ಹಾಗಿಲ್ಲ. ಸುಮ್ನೆ ಬಿಡಿ, ಅದಕ್ಕೂ ವಯಸ್ಸಾಯ್ತು."

"ಕೌಂಟಿಯ ಕಸದ ಕೇಂದ್ರದವರು ತಗೋತಾರೆ ಸರ್" ಎಂದ ರಮೇಶ, ಹಲ್ಲು ಕಿರಿಯುತ್ತಾ. "ನಿನ್ನೇನೇ ಫೋನ್ ಮಾಡಿ ವಿಚಾರಿಸ್ದೆ. ನಾನೇ ಹೋಗಿ ಕೊಟ್ಟು, ಬರ್ತಾ ಫ್ರೆಶ್ ಗ್ಯಾಸ್ ತರ್ತೀನಿ."

"ಬ್ಯಾಟರೀನೂ ಸತ್ತಿದೆಯಲ್ಲ ಮಾರಾಯ?"

"ಹೊಸದು ತಂದಿದ್ದೀನಲ್ಲ! ನನ್ನ ಕಾರಲ್ಲಿದೆ."

ಇಂಥ ನೆರೆಯವರನ್ನು ಕೊಟ್ಟ ದೇವರಿಗೆ ಪ್ರಭಾಕರ ಮನಸ್ಸಿನಲ್ಲೇ ಹಿಡಿಶಾಪ ಹಾಕಿದ. ಕೊನೆಯ ಉಪಾಯವೊಂದು ಹೊಳೆಯಿತು. "ಕೀ ತರ್ತೀನಿ ಇರಿ" ಎಂದು ಒಳಗೆ ಓಡಿ, ಅಡುಗೆಮನೆಯಲ್ಲಿ ಯಾರೂ ಇಲ್ಲದ್ದು ನೋಡಿ, ಕೈಗೆ ಸಿಕ್ಕ ಡಬ್ಬಿಯ ಹಿಟ್ಟಿನೊಳಗೆ ಕಾರಿನ ಕೀಯನ್ನು ಆಳವಾಗಿ ಹೂತು ಬಂದ. ಹೊರಗೆ ಬಂದು ಮುಖ ಸಪ್ಪಗೆ ಮಾಡಿದ.

"ಕೀನೇ ಸಿಗ್ತಿಲ್ಲ ಅಂಕಲ್. ಇವತ್ತು ಆಗಲ್ಲ ಅನ್ಸುತ್ತೆ."

"ಹುಡುಕ್ತಾ ಇರು. ನಾವು ಹೊಟ್ಟೆ ತೊಳೀತೀವಿ."

ಪೈಪು ಟ್ಯಾಂಕಿಗೆ ಇಳಿಯಿತು. ರಮೇಶ ಕೈಪಂಪು ಒತ್ತಿದ. ಮೂರು ಸಲ ಕಾಸಿದ ಚಹಾದ ಬಣ್ಣದ ಗ್ಯಾಸ್ ಗೊಳಗೊಳ ಎಂದು ಕ್ಯಾನಿಗೆ ಬಿತ್ತು. ಅಂಕಲ್ ಗಡಿಯಾರ ನೋಡುತ್ತಾ, "ನಿಧಾನ, ನಿಧಾನ, ಪೇಶಂಟ್ ಏಜ್ ನೋಡ್ಕೊಂಡು" ಎಂದು ಹೇಳುತ್ತಿದ್ದರು. ಅಷ್ಟರಲ್ಲಿ ನೀಲಗಂಗಾ, ಕಾರಿಗೆ ದೃಷ್ಟಿ ತೆಗೆಯುತ್ತೇನೆಂದು ತಟ್ಟೆಯಲ್ಲಿ ಕರ್ಪೂರ, ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದು ಮೆಟ್ಟಿಲಿಳಿದರು. ಮೂವರು ಗಂಡಸರೂ ಒಟ್ಟಿಗೆ "ಅಯ್ಯಯ್ಯೋ ಬೇಡ!" ಎಂದು ಕೂಗಿದ ರಭಸಕ್ಕೆ ಎದುರು ಮನೆಯ ನಾಯಿ ಬೊಗಳಿತು.

"ಬ್ಯಾಡಾದ್ರೆ ಬ್ಯಾಡ ಬಿಡ್ರಿ, ಅದಕ್ಯಾಕೆ ಹಂಗೆ ಒದರ್ತೀರಿ?" ಎಂದು ಅತ್ತೆ ಒಳಗೆ ಹೋದರು.

ಗಲಾಟೆಗೆ ಅಮೂಲ್ಯಾ ಹೊರಗೆ ಬಂದಳು. ಹತ್ತು ವರ್ಷದ ಹುಡುಗಿ, ಸುಳ್ಳು ಹೇಳಲು ಇನ್ನೂ ಕಲಿತಿರಲಿಲ್ಲ.

"ವೈ ಆರ್ ಯು ಫಿಕ್ಸಿಂಗ್ ಇಟ್? ಡ್ಯಾಡಿ ಕಾರ್ ಸ್ಟಾರ್ಟ್ ಮಾಡೋದೇ ಇಲ್ಲ. ಹೀ ಜಸ್ಟ್ ಸಿಟ್ಸ್ ದೇರ್."

ಪ್ರಭಾಕರ ಬಗ್ಗಿ ಬಾನೆಟ್ಟಿನ ಧೂಳು ಒರೆಸತೊಡಗಿದ. ಅಂಕಲ್ ಅವನ ಬೆನ್ನು ಸವರಿದರು. "ಪಾಪ! ಮನುಷ್ಯ ಎಷ್ಟು ದಿನ ಅಂತ ಟ್ರೈ ಮಾಡ್ತಾನೆ? ಕೊನೆಗೆ ಸುಮ್ನೆ ಕೂತ್ಕೊಳ್ಳೋದೇ. ಇದು ಡಿಪ್ರೆಶನ್ನಿನ ಮೊದಲ್ನೇ ಲಕ್ಷಣ."

ರಮೇಶ ಕ್ಯಾನುಗಳನ್ನು ಒಯ್ದು ಕೊಟ್ಟು, ಹೊಸ ಗ್ಯಾಸ್ ತಂದು, ಬ್ಯಾಟರಿ ಕೂರಿಸಿ, ಟೈರಿಗೆ ಗಾಳಿ ತುಂಬುವಷ್ಟರಲ್ಲಿ ಮಧ್ಯಾಹ್ನ ಮೂರೂವರೆ. ಪ್ರಭಾಕರ ಅಲ್ಲಿಯವರೆಗೂ ಬಹಳ ಶ್ರದ್ಧೆಯಿಂದ ಕೀ ಹುಡುಕಿದ. ಸೋಫಾ ಎತ್ತಿದ, ಕೋಟಿನ ಜೇಬು ತಡಕಿದ, ಒಮ್ಮೆ ಫ್ರಿಜ್ಜಿನೊಳಗೂ ಇಣುಕಿದ. ಕೊನೆಗೆ ಕೈಚೆಲ್ಲಿ ನಿಂತಿದ್ದಾಗ ಅತ್ತೆ ಹೊರಗೆ ಬಂದರು. ಒಂದು ಕೈಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆ. ಇನ್ನೊಂದು ಕೈಯಲ್ಲಿ ಹಳದಿ ಪುಡಿ ಮೆತ್ತಿದ ಕೀ.

"ಕಡ್ಲೆಹಿಟ್ಟಿನ ಡಬ್ಬೀಲಿತ್ತು ನೋಡ್ರಿ ಅಳಿಯಂದ್ರೇ. ಬಂದೋರು ಬೆಳಗಿಂದ ದುಡೀತಾರೆ, ನಾಕು ಬಜ್ಜಿ ಕರಿಯಾಣ ಅಂತ ಕೈ ಹಾಕ್ದೆ."

ಅಂಕಲ್ ಪ್ರಭಾಕರನನ್ನು ಒಂದು ಕ್ಷಣ ನೋಡಿ, "ಮರೆವು. ಎರಡ್ನೇ ಲಕ್ಷಣ" ಎಂದರು.

ಬಜ್ಜಿ ಮುಗಿದ ಮೇಲೆ ರಮೇಶ ಕೀ ತಿರುಗಿಸಿದ. ಕಾರು ಕೆಮ್ಮಿತು, ನಡುಗಿತು, ನಿಂತಿತು. ಪ್ರಭಾಕರನಿಗೆ ಹೋದ ಜೀವ ಬಂದಂತಾಯಿತು. ಎರಡನೇ ಸಲ ಬಿಳಿ ಹೊಗೆ ಕಾರಿ ಮತ್ತೆ ನಿಂತಿತು. "ನನ್ನಪ್ಪಾ, ಹೀಗೇ ಇರು" ಎಂದು ಅವನು ಒಳಗೊಳಗೇ ಬೇಡಿಕೊಂಡ. ಮೂರನೇ ಸಲ ಆ ಕೃತಘ್ನ ಕಾರು ಗುರ್ರೆಂದು ಎದ್ದು, ಬಿಡದೆ ಓಡತೊಡಗಿತು. ಅಂಕಲ್ ಚಪ್ಪಾಳೆ ಹೊಡೆದರು. ಜ್ಯೋತ್ಸ್ನಾ, ಅತ್ತೆ, ಅಮೂಲ್ಯಾ ಎಲ್ಲರೂ ಹೊಡೆದರು. ಪ್ರಭಾಕರನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

"ಆನಂದಬಾಷ್ಪ" ಎಂದರು ಅಂಕಲ್. "ಈಗ ಸರಿಯಾಗಿ ಕೇಳಿಸ್ಕೋ. ಕಾರನ್ನ ಮತ್ತೆ ಹೀಗೆ ನಿಲ್ಲಿಸಿದ್ರೆ ಮತ್ತೆ ಹಳಸುತ್ತೆ. ದಿನಾ ಒಂದು ಗಂಟೆ ಓಡಿಸ್ಲೇಬೇಕು. ಸಂಜೆ ಹೊತ್ತು ಒಳ್ಳೇದು. ಮನೆ ಕೆಲಸಕ್ಕಲ್ಲ, ಸ್ಟೋರಿಗಲ್ಲ, ಸುಮ್ನೆ ಹೈವೇ ಮೇಲೆ. ಇದು ಡಾಕ್ಟರ ಮಾತು."

ಪ್ರಭಾಕರ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದ. ದಿನಾ ಒಂದು ಗಂಟೆ? ಒಬ್ಬನೇ? ಅದೂ ಎಲ್ಲರೆದುರು, ಡಾಕ್ಟರ ಅಪ್ಪಣೆಯ ಮೇಲೆ? ಇಷ್ಟು ದಿನ ಮನೆಯ ಮುಂದೆ ಕದ್ದು ಕೂರುತ್ತಿದ್ದವನು ಇನ್ನು ಕೆರೆಯ ದಂಡೆಗೇ ಹೋಗಿ, ನೀರು ನೋಡುತ್ತಾ ಕೂರಬಹುದು! ಬೆಳಗಿನಿಂದ ಶಾಪ ಹಾಕಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಅಂಕಲ್ ಕಾಲಿಗೆ ಬೀಳೋಣವೆನ್ನಿಸಿತು. ಗಂಟೆ ನಾಲ್ಕು ಐವತ್ತು.

"ಇವತ್ತಿಂದಾನೇ ಶುರು ಮಾಡ್ತೀನಿ ಅಂಕಲ್!" ಎಂದು ಒಳಗೆ ಹಾರಿ, ಕಾಫಿ ಕಾಸಿ, ಫ್ಲಾಸ್ಕಿಗೆ ತುಂಬಿ, ಸಿಳ್ಳೆ ಹಾಕುತ್ತಾ ಹೊರಬಂದ.

ಡ್ರೈವರ್ ಸೀಟಿನಲ್ಲಿ ಅತ್ತೆ ಕೂತಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಶೂ ಹಾಕಿ, ಸೀಟು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡುತ್ತಿದ್ದರು.

ಅವರೂ ಜೊತೆಗೆ ಬರುತ್ತಾರಲ್ಲಪ್ಪಾ ಎಂದು ಪ್ರಭಾಕರನಿಗೆ ದಿಗಿಲಾಯಿತು. "ಅತ್ತೆ, ಆ ಕಡೆ ಕೂತ್ಕೊಳ್ಳಿ. ನಾನು ಓಡಿಸ್ತೀನಿ."

"ನೀವ್ಯಾಕ್ರಿ ಬರ್ತೀರಿ? ನಾನೊಬ್ಬಳೇ ಹೋಗ್ತೀನಿ."

"ಒಬ್ರೇ? ಇಲ್ಲಿ ಲೈಸೆನ್ಸು..."

"ಇಂಟರ್‌ನ್ಯಾಶನಲ್ ಪರ್ಮಿಟ್ಟು ಊರಿಂದಾನೇ ಮಾಡಿಸ್ಕಂಡು ಬಂದೀನಿ. ದಾವಣಗೆರೆ ಟ್ರಾಫಿಕ್ಕಲ್ಲಿ ಮೂವತ್ತು ವರ್ಷ ಓಡಿಸಿದೋಳು ನಾನು, ಇಲ್ಲೇನದೆ ಮಹಾ? ದನಾನೂ ಅಡ್ಡ ಬರಂಗಿಲ್ಲ."

ಪ್ರಭಾಕರ ಹೆಂಡತಿಯ ಕಡೆ ತಿರುಗಿದ. ಜ್ಯೋತ್ಸ್ನಾ ನೆಲ ನೋಡಿದಳು. "ಇನ್ಶೂರೆನ್ಸಿಗೆ ಅಮ್ಮನ ಹೆಸರು ಹೋದ ವಾರಾನೇ ಸೇರಿಸ್ದೆ ರೀ. ಭಾನುವಾರ ನೀವು ಮಲಗಿರುವಾಗ ವ್ಯಾನಲ್ಲಿ ಪ್ರಾಕ್ಟೀಸೂ ಮಾಡಿದ್ರು. ವ್ಯಾನ್ ದೊಡ್ಡದಾಯ್ತಂತೆ. ನೀಲಿ ಕಾರೇ ಬೇಕು ಅಂತ ಹಟ."

ಅತ್ತೆ ಕಿಟಕಿಯ ಗಾಜು ಇಳಿಸಿ ಅಳಿಯನನ್ನು ಹತ್ತಿರ ಕರೆದರು. ಬೇರೆ ಯಾರಿಗೂ ಕೇಳದಂತೆ ದನಿ ತಗ್ಗಿಸಿದರು.

"ಡಾಕ್ಟರಿಗೆ ಫೋನ್ ಮಾಡಿದ್ದು ನಾನೇ. ನೀವು ಸುಮ್ನೆ ಕೂತಿರ್ತಿದ್ರಿ ಅಂತ ನನಗೆ ಗೊತ್ತದೆ, ದಿನಾ ಕಿಟಕೀಲಿ ನೋಡ್ತಿದ್ದೆ. ನಿಮ್ಮ ಮರ್ಯಾದೆ ಉಳೀಲಿ ಅಂತ, ಸ್ಟಾರ್ಟ್ ಮಾಡಾಕೆ ಒದ್ದಾಡ್ತಾರೆ ಅಂದೆ. ಖರೇ ಹೇಳ್ಲಾ? ಒಬ್ರೇ ತಣ್ಣಗೆ ಕೂತಿದ್ದು ನೋಡಿ ಹೊಟ್ಟೆಕಿಚ್ಚಾಗ್ತಿತ್ತು. ಮನೇಲಿ ಎಲ್ಲಾರೂ ಒಳ್ಳೇರು ಕಣ್ರಿ, ಯಾರ್ನೂ ಸ್ವಲ್ಪ ಆಚೆ ಹೋಗ್ರಿ ಅನ್ನಂಗಿಲ್ಲ. ನನಗೂ ದಿನಾ ಒಂದು ತಾಸು ಬೇಕು. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ."

ಸಿಟ್ಟಾಗಲು ಪ್ರಭಾಕರನಿಗೆ ಎಲ್ಲಿಯ ಮುಖ? ನಾಲ್ಕು ತಿಂಗಳಿಂದ ಒಂದೇ ಮನೆಯಲ್ಲಿದ್ದು, ಈ ಹೆಂಗಸಿಗೂ ತನ್ನದೇ ಸಂಕಟವಿದೆ ಎಂದು ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡ. ಕಾಫಿ ಫ್ಲಾಸ್ಕನ್ನು ಕಿಟಕಿಯೊಳಗೆ ಚಾಚಿದ. ಅತ್ತೆ ಅದನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು, ಸಿಗ್ನಲ್ ಹಾಕಿ, ಕಾರನ್ನು ಅಚ್ಚುಕಟ್ಟಾಗಿ ಹಿಂದಕ್ಕೆ ತೆಗೆದು, ಬೀದಿಯ ತಿರುವಿನಲ್ಲಿ ಮರೆಯಾದರು.

ಡ್ರೈವ್‌ವೇ ಖಾಲಿಯಾಯಿತು. ಆ ಖಾಲಿ ಜಾಗವನ್ನೇ ನೋಡುತ್ತಾ ನಿಂತವನ ಹೆಗಲ ಮೇಲೆ ವೇಣುಗೋಪಾಲ ಅಂಕಲ್ ಕೈಯಿಟ್ಟರು. ಅವರ ಮುಖದ ತುಂಬ ಮಮತೆ.

"ನೋಡಪ್ಪಾ, ಡಿಪ್ರೆಶನ್ ಇದ್ದೋರು ಒಬ್ಬೊಬ್ರೇ ಕೂರ್ಬಾರ್ದು. ನನಗೂ ಸಂಜೆ ಹೊತ್ತು ಕೆಲಸ ಇಲ್ಲ. ನಾಳೆಯಿಂದ ದಿನಾ ಐದು ಗಂಟೆಗೆ ನಾನೇ ಬಂದ್ಬಿಡ್ತೀನಿ, ಒಂದು ಗಂಟೆ ಮಾತಾಡೋಣ. ಇವತ್ತಿಂದಾನೇ ಯಾಕಾಗ್ಬಾರ್ದು? ನಡಿ, ನಡಿ ಒಳಗೆ."

"ಬನ್ನಿ ಅಂಕಲ್" ಎಂದ ಪ್ರಭಾಕರ, ನಗುತ್ತಾ.