ಶಾವಿಗೆ ಮಣೆಯೂ ಅಡಿವೆಪ್ಪ ಸರ್ ಅವರ ಹಿನ್ನಡೆ ಯಂತ್ರವೂ

ಈ ಕತೆಯನ್ನು ಮೊದಲು ಹೇಳಿದವರು ಬೆಟಗೇರಿಯ ನೀಲವ್ವ; ಹೋದ ಬೇಸಿಗೆಯ ಒಂದು ಸಂಜೆ, ಓಣಿಯ ಕಲ್ಲುಬೆಂಚಿನ ಮೇಲೆ ಕುಳಿತು. ನಿರೂಪಣೆಯನ್ನು ಬರವಣಿಗೆಯ ಭಾಷೆಗೆ ತಂದಿದ್ದೇನೆ. ಆಡಿದ ಮಾತುಗಳನ್ನು ಮುಟ್ಟಿಲ್ಲ. ಇನ್ನು ಮುಂದೆ ‘ನಾನು’ ಎಂದರೆ ನೀಲವ್ವ.

ನನ್ನ ಪಕ್ಕದ ಮನೆಯ ಅಡಿವೆಪ್ಪ ಸರ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ಮನುಷ್ಯಕುಲ ಒಂದು ಗೇಣೂ ಮುಂದೆ ಹೋಗಿಲ್ಲವೆಂಬುದು ಅವರ ಸಿದ್ಧಾಂತ. ಅದನ್ನು ಸಾಧಿಸಲು ಯಂತ್ರವೊಂದನ್ನು ಕಟ್ಟಿ, ಮನೆಯೆದುರು ಓಣಿಯಲ್ಲಿಟ್ಟು ಎಲ್ಲರನ್ನೂ ಕರೆದರು.

“ನೋಡ್ರಿ! ಇದರ ಬೆಳಕು ಬಿದ್ದ ವಸ್ತು ತನ್ನ ಹಿಂದಿನ ರೂಪಕ್ಕ ಹೋಗ್ತೈತಿ. ಯಾರಿಗೂ ಏನೂ ನಷ್ಟ ಆಗಂಗಿಲ್ಲ. ಅಂದ್ರ ಪ್ರಗತಿ ಸುಳ್ಳು!”

ಅವರ ಹೆಂಡತಿ ಫಕ್ಕೀರವ್ವನ ಮಿಕ್ಸರ್ ಒರಳುಕಲ್ಲಾಯಿತು. ಚಪ್ಪಾಳೆ! ಗ್ಯಾಸ್ ಒಲೆ ಮೂರು ಕಲ್ಲಾಯಿತು.

“ರುಬ್ಬಾವ್ರು ಯಾರ್ರೀ? ನಿಮ್ಮ ಸಿದ್ಧಾಂತೇನು?” ಎಂದಳು ಫಕ್ಕೀರವ್ವ.

ಉತ್ತರಿಸಲು ಸರ್ ಅತ್ತ ತಿರುಗಿದಾಗ ಅವರ ಮೊಣಕೈ ತಾಗಿ ಬೆಳಕು ನನ್ನ ಪಡಸಾಲೆಗೆ ಹಾರಿತು. ಅಲ್ಲಿದ್ದುದು ಕರೆಂಟಿನ ಶಾವಿಗೆ ಮಷೀನು! ಮರುದಿನ ಮಗಳು ಗಂಡನ ಮನೆಗೆ ಹೊರಡುವವಳು. ಅವಳೊಂದಿಗೆ ಕಳಿಸಬೇಕಾದ ಬುಟ್ಟಿ ಶಾವಿಗೆ ಇನ್ನೂ ಹಿಟ್ಟಾಗಿಯೇ ಇತ್ತು. ನೋಡನೋಡುತ್ತ ಮಷೀನು ಕೈಯಿಂದ ಶಾವಿಗೆ ಹೊಸೆಯುವ ಕಟ್ಟಿಗೆಯ ಮಣೆಯಾಯಿತು.

“ಸರ್ರ! ನನ್ನ ಮಗಳು ಖಾಲಿ ಬುಟ್ಟಿ ಹೊತಗೊಂಡು ಹೋಗ್ಬೇಕೇನ್ರಿ?”

“ನಿಮ್ಮವ್ವ ಮಣಿ ಮ್ಯಾಲೇ ಹೊಸೀತಿದ್ದಿಲ್ಲೇನು?”

“ನಮ್ಮವ್ವನ ರಟ್ಟಿ ಏನಾಗಿತ್ತಂತ ನೋಡೀರೇನು?”

ಅಷ್ಟರಲ್ಲಿ ಬೆಳಕು ಸರ್ ಅವರ ಕನ್ನಡಕಕ್ಕೇ ಬಡಿದು, ಅದು ಹಿಡಿ ಮರಳಾಗಿ ಉದುರಿತು. ಇನ್ನು ಸ್ವಿಚ್ಚು ಕಾಣುವುದೆಲ್ಲಿ! ಅವರು ತಡಕಾಡಿದಷ್ಟೂ ಯಂತ್ರ ಗಿರಗಿರನೆ ತಿರುಗಿತು. ಸ್ಕೂಟರು ಸೈಕಲ್ಲಾಯಿತು, ಬೀದಿದೀಪ ಕಂದೀಲಾಯಿತು.

“ಪೂಜಿ ಮಾಡಲಾರದ ಚಾಲೂ ಮಾಡೀರಿ, ಅದಕ್ಕ ಹಿಂಗಾತು!” ಎಂದು ಫಕ್ಕೀರವ್ವ ಆರತಿ ತಂದಳು. ಕುಂಕುಮ ಹಚ್ಚಿದಳು, ಆರತಿ ಎತ್ತಿದಳು, ಕೊನೆಗೆ ದೇವರಿಗೆ ಹಿಡಿಯುವಂತೆ ಯಂತ್ರದ ಎದುರು ಕನ್ನಡಿ ಹಿಡಿದಳು. ಬೆಳಕು ಮರಳಿ ಯಂತ್ರದ ಮೇಲೆಯೇ ಬಿತ್ತು!

ಯಂತ್ರಕ್ಕೂ ಮೊದಲು ಸರ್ ತಮ್ಮ ಸಿದ್ಧಾಂತವನ್ನು ಸಾಧಿಸುತ್ತಿದ್ದುದು ಕಲ್ಲುಬೆಂಚಿನ ಮೇಲೆ ಕುಳಿತು. ಯಂತ್ರದ ಹಿಂದಿನ ರೂಪ ಅದೇ ತಾನೆ; ಯಂತ್ರ ಕಲ್ಲುಬೆಂಚಾಯಿತು. ಉಳಿದದ್ದೊಂದೂ ಮೊದಲಿನಂತಾಗಲಿಲ್ಲ.

ಓಣಿಯ ಹೆಂಗಸರೆಲ್ಲ ಮಣೆಗೆ ಕುಳಿತೆವು. ಹಿಟ್ಟು ನಾದುವ ಕೆಲಸವನ್ನು ಸರ್ ಅವರಿಗೇ ಕೊಟ್ಟೆ. ಹೊತ್ತು ಮುಳುಗುವ ಮುನ್ನ ಬುಟ್ಟಿ ತುಂಬಿತು. ಸರ್ ಬೆಂಚಿನ ಮೇಲೆ ಉರುಳಿದರು.

“ನೀಲವ್ವ, ಮನುಷ್ಯಾ ಒಂದೀಟು ಮುಂದ ಹೋಗ್ಯಾನ.”

“ಎಷ್ಟರೀ?”

“ಒಂದು ಶಾವಿಗಿ ಮಷೀನಿನಷ್ಟು.”

ಇಷ್ಟು ಹೇಳಿ ನೀಲವ್ವ ಸೆರಗು ಕೊಡವಿದರು. “ಆ ಬೆಂಚು ಇದ ನೋಡ್ರಿ. ಪಾಪ, ಬೆಂಚಾದ ಮ್ಯಾಲೆ ಯಾರಿಗೂ ತ್ರಾಸು ಕೊಟ್ಟಿಲ್ಲ.”

ಅದೇ ಬೆಂಚಿನ ಮೇಲೆ ಕುಳಿತು ಕೇಳಿದವರೆಲ್ಲ ಥಟ್ಟನೆ ಎದ್ದು, ಮೊಬೈಲು ಮೊಬೈಲಾಗಿಯೇ ಇದೆಯೇ ಎಂದು ಕಿಸೆ ಮುಟ್ಟಿ ನೋಡಿಕೊಳ್ಳುತ್ತ ತಮ್ಮ ತಮ್ಮ ಮನೆಗೆ ನಡೆದರು.