ಕಾಕಾನ ಸ್ಕಾರ್ಫಿನ ಗಂಟು

ನಮ್ಮ ಕಾಕಾನ ಕೈಯಿಂದ ಒಂದರೆ ಉಪಕಾರ ಮಾಡಿಸಿಕೊಳ್ಳದ ಮನುಷ್ಯಾ ಕುಷ್ಟಗಿಯೊಳಗ ಯಾರರೆ ಇದ್ರ, ಆತ ಒಂದೋ ನಿನ್ನೆ ಊರಿಗೆ ಬಂದಾಂವ ಇರಬೇಕು, ಇಲ್ಲಾ ಆತನ ಕಾಲು ಭಾಳ ಚುರುಕು ಇರಬೇಕು! ಸಂಜಿ ಐದರ ಸುಮಾರಿಗೆ ಕಾಕಾ ಬಸ್ ಸ್ಟ್ಯಾಂಡಿನ ಕಡೆ ಹೊಂಟ ಅಂದ್ರ ಸಾಕು, ಚೀಲ ಹಿಡಕೊಂಡವ್ರು ಚೀಲ ಬೆನ್ನ ಹಿಂದ ಸರಿಸ್ತಿದ್ರು. ಕೋಲು ಊರಿಕೊಂಡು ನಡಿಯೂ ಮುದುಕ್ಯಾರು ಕೋಲು ಬಗಲಾಗ ಇಟ್ಕೊಂಡು ಬಿರಬಿರನೆ ಹೆಜ್ಜಿ ಹಾಕ್ತಿದ್ರು. ಯಾಕಂತೀರಿ? ಕಾಕಾ ಕಳ್ಳ ಅಲ್ರಿ. ಕಾಕಾ ಸ್ಕೌಟ್ ಮಾಸ್ತರ!

ಹಂಗ ನೋಡಿದ್ರ ಆತ ಸಾಲಿ ಮಾಸ್ತರೂ ಅಲ್ಲ. ಸರ್ಕಾರಿ ಬಸ್ಸಿನಾಗ ಕಂಡಕ್ಟರಾಗಿ ರಿಟೈರ್ ಆದಾಂವ. ನಾ ಮೂರನೇ ಕ್ಲಾಸಿನಾಗ ಇದ್ದಾಗ ನಮ್ಮ ಸಾಲ್ಯಾಗ ಸ್ಕೌಟ್ ನಡಸ್ತಿದ್ದ ಮಾಸ್ತರಿಗೆ ಬ್ಯಾರೆ ಊರಿಗೆ ವರ್ಗ ಆತು. ಹುಡುಗುರನ್ನ ನೋಡಿಕೊಳ್ಳಾಕ ಯಾರರೆ ಹಿರ್ಯಾರು ಬೇಕಾಗಿತ್ತು. ಹೆಡ್ ಮಾಸ್ತರು ಒಂದಿನ ಕಾಕಾನ ಬಸ್ಸಿನಾಗ ಕೊಪ್ಪಳಕ್ಕ ಹೊಂಟಿದ್ರಂತ. "ನಿಮ್ಮ ಹತ್ರ ಸೀಟಿ ಹೆಂಗೂ ಐತಿ. ಒಂದು ತಿಂಗಳ ಮಟ್ಟಿಗೆ ನೀವ ನಡಸ್ರಿ" ಅಂದ್ರಂತ. ನನಗ ಈಗ ಎರಡು ಮಕ್ಕಳಾಗ್ಯಾವ, ಆ ಒಂದು ತಿಂಗಳು ಇನ್ನಾ ಮುಗಿದಿಲ್ಲ! ಪಗಾರ ಇಲ್ಲ, ರಜಾ ಇಲ್ಲ, ಖಾಕಿ ಚಡ್ಡಿ ಮಾತ್ರ ಐತಿ. ಅರವತ್ತಾರು ವರ್ಷದ ಮನುಷ್ಯಾ, ಜ್ವಾಳದ ದಂಟಿನಂಥ ಕಾಲು, ಅದಕ್ಕ ಖಾಕಿ ಚಡ್ಡಿ, ಕೊಳ್ಳಾಗ ತಿಳಿನೀಲಿ ಸ್ಕಾರ್ಫು, ಬಾಯಾಗ ಸೀಟಿ! ನಮ್ಮಂಥ ಮನಿ ಮಂದಿ ಏನು ಮಾಡಬೇಕು ಹೇಳ್ರಿ? ಗೆಳತ್ಯಾರ ಜೋಡಿ ಬರೂ ಮುಂದ ಆತ ಎದುರಿಗೆ ಬಂದ್ರ ನಾ ಗ್ವಾಡಿ ಮ್ಯಾಲಿನ ಜಾಹೀರಾತು ಓದಿಕೋಂತ ನಿಂತಬಿಡ್ತಿದ್ದೆ.

ಎಲ್ಲಾ ತ್ರಾಸಿಗೂ ಮೂಲ ಆ ಸ್ಕಾರ್ಫಿನ ಗಂಟು. ಸ್ಕೌಟಿನಾಗ ಒಂದು ರಿವಾಜು ಐತಿ. ದಿನಕ್ಕ ಒಂದರೆ ಪರೋಪಕಾರ ಮಾಡಬೇಕು. ಮರೀಬಾರದಂತ ಮುಂಜಾನೆದ್ದು ಸ್ಕಾರ್ಫಿನ ತುದಿಗೆ ಒಂದು ಗಂಟು ಹಾಕ್ಕೋಬೇಕು, ಉಪಕಾರ ಆದ ಮ್ಯಾಲೆ ಬಿಚ್ಚಬೇಕು. ಹುಡುಗುರು ಎಂಟು ದಿನ ಮಾಡಿ ಮರೀತಾವ. ಕಾಕಾ ಮರೀಲಿಲ್ಲ. ಮರಿಯೂದು ಬಿಡ್ರಿ, ತನ್ನವೂ ಎರಡು ಕಾಯ್ದೆ ಕೂಡಿಸಿದ. ಒಂದು, ಗಂಟು ಬಿಚ್ಚೂತನಾ ಸಂಜಿ ರೊಟ್ಟಿ ಮುಟ್ಟಂಗಿಲ್ಲ. ಎರಡು, ಮನ್ಯಾಗ ಮಾಡಿದ್ದು ಲೆಕ್ಕಕ್ಕಿಲ್ಲ. "ಮನ್ಯಾಗ ಮಾಡೂದು ಡ್ಯೂಟಿ. ಹೊರಗ ಮಾಡೂದಷ್ಟ ಸೇವಾ" ಅಂತಿದ್ದ.

ಈ ಎರಡನೇ ಕಾಯ್ದೆ ಕೇಳಿದ್ರ ಸಾಕು, ಆತನ ಹೆಂಡ್ತಿ, ಅಂದ್ರ ನಮ್ಮ ಚಿಗವ್ವ, ರೊಟ್ಟಿ ಬಡಿಯೂ ಸಪ್ಪಳ ಎರಡು ಪಟ್ಟು ಆಗ್ತಿತ್ತು.

"ಡ್ಯೂಟಿ ಅಂತಾರಲ್ಲ, ಆ ಡ್ಯೂಟಿಗೆ ಒಂದಿನರೆ ಹಾಜರ್ ಆಗ್ಯಾರೇನು ಕೇಳವ್ವಾ ನಿಮ್ಮ ಕಾಕಾನ್ನ," ಅಂತಿದ್ದಳು. "ಊರ ಮಂದಿ ಕೊಡ ಎಲ್ಲಾ ಇವರು ಹೊತ್ತಾರ. ಈ ಮನಿ ಕೊಡ ಒಂದ ನನ್ನ ಸೊಂಟದ ಮ್ಯಾಲೆ ಉಳಿದೈತಿ."

ಹಂಗಂತ ಬೈದ್ರೂ ಆ ಸ್ಕಾರ್ಫು ಮಾತ್ರ ಬ್ಯಾರೆ ಯಾರ ಕೈಗೂ ಕೊಡ್ತಿರಲಿಲ್ಲ. ತಾನ ಒಗದು, ತಾನ ಒಣಗಿಸಿ, ದಿಂಬಿನ ಕೆಳಗ ಇಟ್ಟು ಇಸ್ತ್ರಿ ಮಾಡ್ತಿದ್ದಳು.

ಒಮ್ಮೆ ದಾಳಿಂಬರಿ ಸುಗ್ಗಿ ಟೈಮು. ಸಂಜಿ ಆದ್ರೂ ಕಾಕಾನ ಗಂಟು ಬಿಚ್ಚಿಲ್ಲ, ಹೊಟ್ಟಿ ಹಸಿದೈತಿ. ಬಸ್ ಸ್ಟ್ಯಾಂಡಿನಾಗ ಒಬ್ಬ ರೈತ ನಾಕು ದಾಳಿಂಬರಿ ಬಾಕ್ಸ್ ಮುಂದಿಟ್ಕೊಂಡು ಬೆವರು ಒರೆಸಿಕೊಳ್ಳಾಕತ್ತಿದ್ದ. ಪಕ್ಕದಾಗ ಗಂಗಾವತಿ ಬಸ್ ನಿಂತಿತ್ತು. ಕಾಕಾಗ ಇನ್ನೇನು ಬೇಕ್ರಿ! ಒಂದು ಮಾತು ಕೇಳಲಿಲ್ಲ. ನಾಕೂ ಬಾಕ್ಸ್ ಎತ್ತಿ ಬಸ್ಸಿನಾಗ ಹಾಕಿ, ಹಳೇ ಚಟ ನೋಡ್ರಿ, "ರೈಟ್ ರೈಟ್" ಅಂತ ಸೀಟಿ ಹೊಡದ. ಸೀಟಿ ಕೇಳಿದ ಡ್ರೈವರ್ ಬಸ್ ಬಿಟ್ಟಬಿಟ್ಟ! ರೈತ ತಲಿ ಮ್ಯಾಲೆ ಕೈ ಹೊತ್ಕೊಂಡ.

"ಯಪ್ಪಾ, ಈಗಷ್ಟ ಆ ಬಸ್ಸಿಂದ ಇಳಿಸಿದ್ನೆಲ್ರಿ!"

ಕಾಕಾ ದಾರ್ಯಾಗಿನ ತಾವರಗೇರಿ ಬಸ್ ಸ್ಟ್ಯಾಂಡಿಗೆ ಫೋನ್ ಹಚ್ಚಿ ಬಾಕ್ಸ್ ಇಳಿಸಿ ಇಡಾಕ ಹೇಳಿ, ಮುಂದಿನ ಬಸ್ಸಿಗೆ ತಾನ ಹೋಗಿ ತಂದುಕೊಟ್ಟ. ಬಂದಾಂವನ ಜಂಬದಿಂದ ಗಂಟು ಬಿಚ್ಚಿದ.

"ಕಾಕಾ, ನೀ ಮಾಡಿದ ತಪ್ಪು ನೀನ ತಿದ್ದಿದ್ದು ಉಪಕಾರ ಹೆಂಗಾತು?" ಅಂತ ನಾ ಕೇಳಿದೆ.

"ಬಾಕ್ಸ್ ಆತನ ಕೈಗೆ ಮುಟ್ಟಿದ್ವೋ ಇಲ್ಲೋ?"

"ಮುಟ್ಟಿದ್ವು."

"ಮುಗೀತು. ರೊಟ್ಟಿ ತಾ."

ಇನ್ನ ಆತನ ಎಡಗೈ ಕಥಿ ಕೇಳ್ರಿ. ಸ್ಕೌಟಿನವರು ಎಡಗೈ ಕೊಟ್ಟು ಕೈ ಕುಲುಕ್ತಾರ, ಅದು ಅವರ ಪದ್ಧತಿ. ಎಡಗೈ ಎದಿಗೆ ಹತ್ರ ಅಂತ. ಇದು ಸ್ಕೌಟಿನವರಿಗೆ ಗೊತ್ತು, ಬೀಗರಿಗೆ ಗೊತ್ತೇನು? ನನ್ನ ನೋಡಾಕ ಯಲಬುರ್ಗಾದಿಂದ ಗಂಡಿನ ಕಡೆಯವ್ರು ಬಂದಾಗ, ಕಾಕಾ ಎಲ್ಲಾರಿಗಿಂತ ಮೊದಲ ಓಡಿ ಹೋಗಿ ಹುಡುಗನ ತಂದಿಗೆ ಎಡಗೈ ಚಾಚಿದ. ನಮ್ಮ ಕಡೆ ಎಡಗೈಲೆ ಎಲಿ ಅಡಕಿ ಕೊಟ್ರ ಎದ್ದು ಹೋಗೂ ಮಂದಿ ಅದಾರ! ಆ ಹಿರ್ಯಾರ ಮಾರಿ ಕೆಂಪಗಾತು.

"ಏನ್ರಿ ಇದು, ಬಾಗಿಲದಾಗ ಎಡಗೈ ತೋರಸ್ತೀರಿ? ನಾವೇನು ಭಿಕ್ಷಾಕ್ಕ ಬಂದೇವೇನು?"

ನಮ್ಮಪ್ಪ ಬೆವರಾಕ ಹತ್ತಿದ. ನಮ್ಮವ್ವ ಒಳಗ ದೇವರ ಮುಂದ ದೀಪ ಹಚ್ಚಿದಳು. ಕಾಕಾ ಮಾತ್ರ ಕೈ ಹಿಂದ ತಗೀಲಿಲ್ಲ, ಹಂಗ ಚಾಚಿಕೊಂಡು ನಿಂತ. ಆಗ ಹಿಂದ ನಿಂತಿದ್ದ ಹುಡುಗ ಮುಂದ ಬಂದು ತನ್ನ ಎಡಗೈ ಕೊಟ್ಟ. ಆತನೂ ಸಾಲ್ಯಾಗ ಸ್ಕೌಟ್ ಇದ್ದನಂತ! ಇಬ್ಬರೂ ಕೈ ಕುಲುಕಿದ್ದ ಕುಲುಕಿದ್ದು. ಕಾಕಾ ಒಳಗ ಬಂದು, "ಹುಡುಗ ಪಾಸ್" ಅಂದ. ನೌಕರಿ ಕೇಳಲಿಲ್ಲ, ಹೊಲ ಕೇಳಲಿಲ್ಲ. ಹಿಂಗ ನನ್ನ ಲಗ್ನ ಆತು. ಹನ್ನೆರಡು ವರ್ಷದಿಂದ ಕೊಪ್ಪಳದಾಗ ಆ ಹುಡುಗನ ಜೋಡಿ ಬಾಳ್ವಿ ಮಾಡಾಕತ್ತೀನಿ. ಹಗ್ಗ ಕಂಡಲ್ಲಿ ಗಂಟು ಹಾಕ್ತಾನ, ಅದೊಂದು ಬಿಟ್ರ ಛಲೋ ಅದಾನ.

ರವಿವಾರ ಮುಂಜಾನೆ ಸಾಲಿ ಮೈದಾನದಾಗ ಹುಡುಗುರ ತಪಾಸಣಿ. ಉಗುರು, ಗುಂಡಿ, ಸಾಕ್ಸು, ಸ್ಕಾರ್ಫು. ಒಂದು ಸಣ್ಣ ಡಾಗು ಕಂಡ್ರೂ ಮೈದಾನ ಎರಡು ಸುತ್ತು ಓಡಬೇಕು. ಅಂಥಾ ಕಾಕಾನ ಸ್ಕಾರ್ಫು ಎರಡು ವರ್ಷದಿಂದ ನೋಡಬಾರದಂಗ ಆಗಿತ್ತು. ನಡುವ ಅರಿಷಿಣದ ದೊಡ್ಡ ಡಾಗು, ಅಂಚಿಗೆ ಎಣ್ಣಿ. ಒಂದಿನ ಸಾಲಿನಾಗಿನ ಒಬ್ಬ ಧೈರ್ಯದ ಹುಡುಗಿ ಕೇಳೇಬಿಟ್ಟಳಂತ.

"ಸರ್, ನಿಮ್ಮ ಸ್ಕಾರ್ಫಿಗೆ ಅರಿಷಿಣ ಹತ್ತೇತ್ರಿ."

"ಅದು ಡಾಗಲ್ಲ. ಹಿರ್ಯಾರಿಗೆ ಕೊಡೂ ಬ್ಯಾಡ್ಜು!"

ನಾನೂ ಒಮ್ಮೆ, "ಕೊಡು ಕಾಕಾ, ನಾ ಒಗದು ಕೊಡ್ತೀನಿ" ಅಂತ ಕೈ ಹಾಕಿದ್ದೆ. ಹಾವು ತುಳಿದಾರಂಗ ಹಿಂದ ಸರದ. "ನಿಮ್ಮ ಚಿಗವ್ವ ಒಗದಿದ್ದೈತಿ. ಬಾಯಿ ಮುಚ್ಚು" ಅಂದ. ವಯಸ್ಸಾತು, ತಲಿ ತಿರಗೇತಿ ಅಂತ ನಾ ಸುಮ್ಮನಾದೆ. ನನ್ನ ಗಂಡನ ಮುಂದ ಹೇಳಿ ನಕ್ಕೆ ಬ್ಯಾರೆ.

ಹೋದ ವರ್ಷ ಹೇಮಗುಡ್ಡಕ್ಕ ಹುಡುಗುರನ್ನ ಕ್ಯಾಂಪಿಗೆ ಕರಕೊಂಡು ಹೋದ. ಗುಡ್ಡ ಇಳಿಯೂ ಮುಂದ ಎಲ್ಲಾರನ್ನೂ ನಿಂದರಿಸಿ ಪಾಠ ಶುರು ಮಾಡಿದ. "ನೋಡ್ರಿ ಮಕ್ಕಳಾ, ಹಿಂಗ ಕಾಲಿಟ್ರ ಜಾರತೈತಿ" ಅಂದು ಹಂಗ ಕಾಲಿಟ್ಟು ತೋರಿಸಿದ. ಖರೇನ ಜಾರಿತು! ಇಷ್ಟು ಪಕ್ಕಾ ಪಾಠ ಆ ಹುಡುಗುರು ಎಂದೂ ಕಲ್ತಿರಲಿಲ್ಲ. ಬಲಗಾಲಿನ ಎಲುಬು ಎರಡು ಕಡೆ ಮುರಿದಿತ್ತು. ಹುಡುಗುರು ಅಂಜಲಿಲ್ಲ, ತಮ್ಮ ಸ್ಕಾರ್ಫು ಬಿಚ್ಚಿ, ಕೋಲು ಇಟ್ಟು ಕಾಲಿಗೆ ಕಟ್ಟಿದ್ರು. ಕಾಕಾ ಮಲಕೊಂಡಲ್ಲಿಂದನ ಒಂದೊಂದು ಗಂಟು ಮುಟ್ಟಿ ನೋಡಿ ಮಾರ್ಕ್ಸ್ ಹಾಕಾಕತ್ತಿದ್ದನಂತ. "ಹತ್ತಕ್ಕ ಏಳು. ಇದು ಸಡಿಲಾಗೇತಿ, ಹತ್ತಕ್ಕ ನಾಕು." ದವಾಖಾನ್ಯಾಗ ಡಾಕ್ಟರಿಗೆ ಆ ಗಂಟು ಬಿಚ್ಚಾಕ ಬರಲಿಲ್ಲ, ಕತ್ರಿ ತರಿಸಿದ್ರು.

ಮೂರು ತಿಂಗಳು ಪ್ಲಾಸ್ಟರ್. ನೆಲಕ್ಕ ಕಾಲು ಹಚ್ಚಂಗಿಲ್ಲ. ಈಗ ತಮಾಷೆ ನೋಡ್ರಿ. ಮೂವತ್ತು ಹುಡುಗುರಿಗೂ ದಿನಕ್ಕೊಂದು ಪರೋಪಕಾರ ಬೇಕಲ್ಲ? ಮಾಸ್ತರ ಹಾಸಿಗಿ ಮ್ಯಾಲೆ ಅದಾರ, ಓಡಿ ಹೋಗೂ ಹಂಗಿಲ್ಲ! ಸಾಲಿ ಬಿಟ್ಟಕೂಡ್ಲೆ ಸಾಲು ಹಚ್ಚಿ ನಿಂತ್ರು. ಒಬ್ಬ ಬೀಸಣಿಕಿ ಬೀಸಿದ, ಒಬ್ಬಾಕಿ ಪೇಪರ್ ಓದಿದಳು, ಒಬ್ಬರ ಹಿಂದ ಒಬ್ಬರು ಒಂಬತ್ತು ಗಲಾಸು ನೀರು ಕುಡಿಸಿದ್ರು. ಊರ ಮಂದಿ ತಪ್ಪಿಸಿಕೊಂಡು ಓಡ್ತಿದ್ದದ್ದು ಯಾಕಂತ ಕಾಕಾಗ ಅವತ್ತು ತಿಳೀತು.

ಆದ್ರ ತನ್ನದೊಂದು ಗಂಟು ಬಿಚ್ಚಾಕ ಆತಗ ಆಗವಲ್ದು. ಮಲಕೊಂಡಲ್ಲೆ ಯಾರಿಗೆ ಏನು ಉಪಕಾರ ಮಾಡ್ತಾನ? ಮುಂಜಾನೆಗೊಂದು ಹೊಸ ಗಂಟು ಬೀಳಾಕ ಹತ್ತಿತು. ಹಳೇದು ಬಿಚ್ಚಂಗಿಲ್ಲ. ಸಂಜಿಗೆ ರೊಟ್ಟಿ ಮುಟ್ಟಂಗಿಲ್ಲ. ಓಣಿ ಮಂದಿ ಕನಿಕರಪಟ್ರು. ಎಲ್ಲಾರೂ ತಪ್ಪಿಸಿಕೊಂಡು ಓಡಿದವ್ರ! ಚಾದಂಗಡಿಯಾಂವ ಒಂದು ಹಗ್ಗ ತಂದು, "ಈ ಗಂಟು ಬಿಚ್ಚಾಕ ಬರವಲ್ದ್ರಿ, ಸ್ವಲ್ಪ ಉಪಕಾರ ಮಾಡ್ರಿ" ಅಂದ. ಕಾಕಾ ಹಗ್ಗ ತಿರುವಿ ನೋಡಿದ. "ಇದು ನಿನ್ನ ಮಗಗ ನಾನ ಕಲಿಸಿದ ಗಂಟು. ಬೇಕಂತ ಹಾಕಿಸಿಕೊಂಡು ಬಂದಿ. ಹೋಗು" ಅಂದ.

ಚಿಗವ್ವ ನನಗ ಫೋನ್ ಹಚ್ಚಿ ಅತ್ತಳು. "ಹನ್ನೊಂದು ಗಂಟು ಆದ್ವು. ಸಂಜಿಗೆ ಬಟ್ಟಲ ಅಂಬಲಿ ಬಿಟ್ರ ಏನೂ ಒಲ್ಲೆ ಅಂತಾರ. ಹಿಂಗಾದ್ರ ಎಲುಬು ಕೂಡ್ತೈತೇನವ್ವಾ? ನನಗ ಅಂಜಿಕಿ ಬರಾಕತ್ತೈತಿ" ಅಂದಳು. ಅವತ್ತ ರವಿವಾರ, ಕೂಡ್ಲೆ ನಾನೂ ನನ್ನ ಗಂಡನೂ ಹೋದ್ವಿ.

ಕಾಕಾ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದ. ಗಲ್ಲ ಒಳಗ ಹೋಗಿದ್ವು. ಸೀಟಿ ಗೂಟಕ್ಕ ಜೋತು ಬಿದ್ದಿತ್ತು. ಚಿಗವ್ವ ಬಾಗಲದಾಗ ಬೆಳಕಿಗೆ ಕುಂತು ಕೌದಿ ಹೊಲಿಯಾಕ ಸೂಜಿಗೆ ದಾರ ಪೋಣಿಸಾಕತ್ತಿದ್ದಳು. ದಾರ ಬಾಯಾಗ ಹಸಿ ಮಾಡಿ ಒಮ್ಮೆ ನೋಡಿದಳು, ಆ ಕಡೆ ಹೋತು. ಇನ್ನೊಮ್ಮೆ, ಈ ಕಡೆ ಹೋತು. ಐದನೇ ಸಲಕ್ಕ ಸೂಜಿ ಬಟ್ಟಿಗೆ ಚುಚ್ಚಿತು. ಅಷ್ಟರಾಗ ಕಾಕಾ ಈ ಕಡೆ ಹೊಳ್ಳಿದ್ದ.

"ಏ, ದಾರ ಎಲ್ಲಿ ಹಾಕಾಕತ್ತಿ ನೀ?"

"ಸೂಜಿಗೆ."

"ಸೂಜಿ ಈ ಕಡೆ ಐತಿ."

ಕಾಕಾ ಮೊಣಕೈ ಊರಿ ಎದ್ದು ಕುಂತ.

"ಕಣ್ಣು ಕಾಣವಲ್ದೇನು? ಎಷ್ಟು ದಿನ ಆತು?"

"ಎರಡು ವರ್ಷ ಆತು. ಪೊರಿ ಬಂದೈತಿ ಅಂತ ಸಾಲ್ಯಾಗ ಕಣ್ಣಿನ ಕ್ಯಾಂಪ್ ಹಾಕಿದ್ದಾಗ ಡಾಕ್ಟರು ಹೇಳಿದ್ರು."

"ನನಗ್ಯಾಕ ಹೇಳಲಿಲ್ಲ?"

"ಹೇಳಾಕ ನಾ ಏನು ಬಸ್ ಸ್ಟ್ಯಾಂಡಿನಾಗ ಮೂಟಿ ಹಿಡಕೊಂಡು ನಿಂತಿದ್ನೇನ್ರಿ, ನಿಮ್ಮ ಕಣ್ಣಿಗೆ ಬೀಳಾಕ?"

ಆಕಿ ಸಿಟ್ಟಿಗೆ ಹೇಳಿರಲಿಲ್ಲ, ಉಪ್ಪು ತಗೊಂಬರ್ರಿ ಅಂದಂಗ ಸಹಜ ಹೇಳಿದ್ದಳು. ಕಾಕಾ ಸೂಜಿ, ದಾರ ಇಸ್ಕೊಂಡು ಒಂದ ಸಲಕ್ಕ ಪೋಣಿಸಿ ಆಕಿ ಕೈಗೆ ಕೊಟ್ಟ. ಸ್ಕಾರ್ಫು ಎಳಕೊಂಡು ಒಂದೊಂದ ಗಂಟು ಬಿಚ್ಚಾಕ ಹತ್ತಿದ. ಹತ್ತು ಬಿಚ್ಚಿದ, ಒಂದು ಬಿಟ್ಟ.

"ಅಯ್ಯ, ಮನ್ಯಾಗಿಂದು ಲೆಕ್ಕಕ್ಕಿಲ್ಲಲ್ರಿ," ಅಂದಳು ಚಿಗವ್ವ.

"ಕಾಯ್ದೆ ಮಾಡಿದಾಂವ ನಾನ. ತಪ್ಪು ಮಾಡಿದ್ದೆ. ಆ ಕಾಯ್ದೆನೂ ರದ್ದು, ಅದರ ಗಂಟೂ ರದ್ದು," ಅಂದ ಕಾಕಾ. "ಈ ಒಂದು ಗಂಟು ನಿನ್ನ ಕಣ್ಣಿಂದು. ಆಪರೇಶನ್ ಆಗೂತನಾ ಬಿಚ್ಚಂಗಿಲ್ಲ. ಈಗ ರೊಟ್ಟಿ ತಾ, ಕೊಪ್ಪಳಕ್ಕ ಹೋಗಾಕ ಕಾಲಾಗ ಶಕ್ತಿ ಬೇಕು."

ಅವತ್ತು ಮೂರು ರೊಟ್ಟಿ ಉಂಡ. ಪ್ಲಾಸ್ಟರ್ ಬಿಚ್ಚಿದ ಎಂಟನೇ ದಿನಕ್ಕ ಬಗಲಾಗ ಕೋಲು ಇಟ್ಕೊಂಡು, ಚಿಗವ್ವನ ಕೈ ಹಿಡಕೊಂಡು, ಪೂರಾ ಯೂನಿಫಾರ್ಮಿನಾಗ ಕೊಪ್ಪಳ ಬಸ್ ಹತ್ತಿದ. ಆಪರೇಶನ್ ಛಲೋ ಆತು. ಮರುದಿನ ಡಾಕ್ಟರು ಪಟ್ಟಿ ತಗದು, ನೀರು ಮುಟ್ಟಬ್ಯಾಡ, ಬಗ್ಗಬ್ಯಾಡ ಅಂತ ಹೇಳಿ ಕಳಿಸಿದ್ರು. ನಮ್ಮ ಮನಿಗೆ ಬಂದು ಕುಂತ ಮ್ಯಾಲೆ ಕಾಕಾ ಆಕಿ ಮುಂದ ಸ್ಕಾರ್ಫ್ ಹಿಡದ.

"ಬಿಚ್ಚು ಗಂಟು. ನೀನ ಬಿಚ್ಚಬೇಕು."

ಚಿಗವ್ವ ಹೊಸಾ ಕಣ್ಣಿಲೆ ಸ್ಕಾರ್ಫ್ ನೋಡಿದಳು. ಗಂಟು ಬಿಟ್ಟು ಬಟ್ಟಿ ಅಗಲ ಮಾಡಿ ಹಿಡದಳು.

"ಅಯ್ಯ ಶಿವನ! ಇದೇನ್ರಿ ಇದು? ಇದನ್ನ ನಾ ಒಗದಿದ್ನೇನು?"

ಕಾಕಾ ಸ್ಕಾರ್ಫು ಮಡಚಾಕ ಹೋದ, ಆಕಿ ಬಿಡಲಿಲ್ಲ.

"ಎರಡು ವರ್ಷ ಇಂಥಾ ಹೊಲಸು ಹಾಕ್ಕೊಂಡು ಆ ಹುಡುಗುರ ಮುಂದ ನಿಂತ್ರಿ? ಒಂದು ಮಾತು ಹೇಳಬಾರದ ನನಗ?"

"ನಿನ್ನ ಕೈಯಾಗಿನ ಶಕ್ತಿ ಕಡಿಮಿ ಆಗೇತಿ ಅಂತ ತಿಳಕೊಂಡಿದ್ದೆ. ಹೇಳಿದ್ರ ನೀ ಮನಸಿಗೆ ಹಚ್ಕೊಂತಿದ್ದಿ."

ನಾ ನಕ್ಕಿದ್ದು ನೆನಪಾಗಿ ನನಗ ಅಳು ಬಂತು. ಹಿರ್ಯಾರ ಬ್ಯಾಡ್ಜು ಅಂದಿದ್ದನಲ್ಲ ಆತ! ಚಿಗವ್ವನ ಕಣ್ಣೊಳಗೂ ನೀರು ಬಂತು. "ಒರೆಸಬ್ಯಾಡ, ಡಾಕ್ಟರ್ ಬ್ಯಾಡ ಅಂದಾರ" ಅಂತ ಕಾಕಾ ಗದರಿಸಿದ. ಆಕಿ ಗಂಟು ಬಿಚ್ಚಿ, "ಕೊಡ್ರಿ ಇತ್ಲಾಗ, ಒಗಿತೀನಿ" ಅಂತ ಏಳಾಕ ಹೋದಳು. ಕಾಕಾ ಆಕಿ ಹೆಗಲ ಹಿಡದು ಕುಂದರಿಸಿದ. ಕೋಲು ಊರಿಕೋಂತ ತಾನ ನಮ್ಮ ಹಿತ್ತಲದ ನಳಕ್ಕ ಹೋಗಿ ಸ್ಕಾರ್ಫಿಗೆ ಸಾಬಾನು ಹಚ್ಚಿದ. ಮದುವಿ ಆದ ಮ್ಯಾಲೆ ಮನಿ ಬಟ್ಟಿ ಆತ ಒಗದಿದ್ದು ಅದ ಮೊದಲ ಸಲ.

ಎಣ್ಣಿ ಹೋತು, ಅರಿಷಿಣ ಹೋಗಲಿಲ್ಲ. "ನಿಂಬಿಹಣ್ಣು ಹಚ್ಚಿ ತಿಕ್ಕಲೇನು ಕಾಕಾ?" ಅಂದೆ. ಬ್ಯಾಡ ಅಂದ. ಒಣಗಿದ ಮ್ಯಾಲೆ, ಆ ಡಾಗು ಎಲ್ಲಾರಿಗೂ ಕಾಣೂ ಹಂಗ ಮ್ಯಾಲೆ ಮಾಡಿ ಮಡಚಿ, ಕೊಳ್ಳಿಗೆ ಹಾಕ್ಕೊಂಡ.